ಹತ್ತು ತಿಂಗಳು ನಂಬಿದ ನೀಲಿ

ಇಳಕಲ್ಲಿನಲ್ಲಿ ಮೂವತ್ತು ವರ್ಷ ಸೀರೆ ಮಾರಿದವನು ನಾನು. ಗಿರಾಕಿ ತಂದ ಗುಳೇದಗುಡ್ಡದ ಖಣಕ್ಕೆ ಯಾವ ಸೀರೆ ಒಪ್ಪುತ್ತದೆಂದು ಗಾದಿಯಿಂದ ಏಳದೆಯೇ ಹೇಳುತ್ತೇನೆ. ಹಾಗಾಗಿ ಮೂತ್ರದ ಸಕ್ಕರೆಯನ್ನು ಬಣ್ಣದಲ್ಲಿ ತೋರಿಸುವ ಈ ಪಟ್ಟಿ ನನಗೆಂದೇ ಮಾಡಿದ್ದು ಎನಿಸಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ನನಗೂ ಐವತ್ತೆರಡು ದಾಟಿದೆ. ಸೂಜಿ ಕಂಡರೆ ಬೆರಳು ತಾನಾಗಿಯೇ ಮಡಚಿಕೊಳ್ಳುತ್ತದೆ. "ಚುಚ್ಚುವುದೇ ಬೇಡ ಕಾಕಾ" ಎಂದು ಔಷಧಿ ಅಂಗಡಿಯ ಹುಡುಗ ಐವತ್ತು ಪಟ್ಟಿಗಳ ಡಬ್ಬಿ ಕೊಟ್ಟ. ದಿನ ಬಿಟ್ಟು ದಿನ ಬಳಸಿ, ಹತ್ತು ತಿಂಗಳಲ್ಲಿ ಮೂರು ಡಬ್ಬಿ ಮುಗಿಸಿದೆ.

ಆ ಬೆಳಗಿನ ಕೆಲಸ ನನಗೆ ಪೂಜೆಯಷ್ಟೇ ರೂಢಿಯಾಗಿತ್ತು. ಎದ್ದು ಒಮ್ಮೆ ಹೋಗಿ ಬಂದು, ಒಂದು ತಂಬಿಗೆ ನೀರು ಕುಡಿದು, ಅರ್ಧ ಗಂಟೆ ಬಿಟ್ಟು ಎರಡನೆಯ ಸಲದ್ದನ್ನು ಹಿಡಿಯುತ್ತಿದ್ದೆ. ಅದಕ್ಕೊಂದು ಬೇರೆ ಲೋಟ. ಅದರ ತಳಕ್ಕೆ ಹೆಂಡತಿ ಕೆಂಪು ಬಣ್ಣ ಬಳಿದು, ಅಡುಗೆಮನೆಯ ಹೊಸ್ತಿಲು ದಾಟದಂತೆ ಕಟ್ಟಪ್ಪಣೆ ಮಾಡಿದ್ದಳು. ಪಟ್ಟಿಯನ್ನು ಅದ್ದಿ, ಅಂಚಿಗೆ ತಾಕಿಸಿ ಹನಿ ಇಳಿಸಿ, ಹಿತ್ತಲ ಬಾಗಿಲಲ್ಲಿ ಗಡಿಯಾರ ನೋಡುತ್ತ ಮೂವತ್ತು ಸೆಕೆಂಡು ನಿಲ್ಲಬೇಕು. ಟ್ಯೂಬ್‌ಲೈಟಿನಡಿ ಬಣ್ಣ ನೋಡಬಾರದು. ಅಂಗಡಿಯಲ್ಲೂ ಸೀರೆಯನ್ನು ಬಿಸಿಲಿಗೆ ಹಿಡಿದೇ ತೋರಿಸುತ್ತೇವೆ. ಸಕ್ಕರೆ ಇದ್ದರೆ ತಿಳಿನೀಲಿ ಹಸಿರಾಗಿ, ಹೆಚ್ಚಿದ್ದರೆ ಕಂದಾಗುತ್ತದೆ. ನನ್ನದು ಪ್ರತಿಸಲವೂ ನೀಲಿ. ಆ ಖುಷಿಯಲ್ಲಿ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ.

ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾದಾಗ ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆಗೆ ಕಳುಹಿಸಿದರು. ಖಾಲಿ ಹೊಟ್ಟೆಯಲ್ಲಿ 141. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 7.3. ಮೊದಲನೆಯದು 126, ಎರಡನೆಯದು 6.5 ಮುಟ್ಟಿದರೇ ಮಧುಮೇಹ. ನಾನು ಜೇಬಿನಿಂದ ಆ ದಿನದ ನೀಲಿ ಪಟ್ಟಿ ತೆಗೆದು ವಾದಕ್ಕೆ ನಿಂತೆ. ಈಗ ನೆನೆದರೆ ನಾಚಿಕೆ.

ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಮರಳಿ ಹೀರಿಕೊಳ್ಳುತ್ತವಂತೆ. ವಯಸ್ಸಾದವರಲ್ಲಿ ಆ ಮಿತಿ ಇನ್ನೂ ಮೇಲಿರಬಹುದು. ಆಲಮಟ್ಟಿಯ ಗೇಟು ತೆರೆಯದ ದಿನ ಕೆಳಗಿನ ಹೊಳೆಯನ್ನು ನೋಡಿ ಜಲಾಶಯ ಖಾಲಿ ಎಂದವನ ಲೆಕ್ಕ ನನ್ನದು. ಅದೂ ರಾತ್ರಿಯಿಡೀ ಉಪವಾಸವಿದ್ದು, ಸಕ್ಕರೆ ತಗ್ಗಿರುವ ಹೊತ್ತನ್ನೇ ಆರಿಸಿಕೊಂಡಿದ್ದೆ! ಸಿಟ್ಟು ಬಂದದ್ದು ಡಬ್ಬಿಯೊಳಗಿನ ಚೀಟಿಯ ಮೇಲೆ. ನೆಗಡಿಗೆ ನಾನು ಚೀಪುವ ವಿಟಮಿನ್ ಸಿ ಮಾತ್ರೆ ಹೆಚ್ಚಾದರೆ, ಇರುವ ಸಕ್ಕರೆಯೂ ಕಾಣಿಸದಂತೆ ಆದೀತು ಎಂದು ಅದರಲ್ಲಿತ್ತು, ಭೂತಗನ್ನಡಿಗೆ ಮಾತ್ರ ಕಾಣುವ ಅಕ್ಷರದಲ್ಲಿ.

ನಾಲ್ಕನೆಯ ಡಬ್ಬಿಯನ್ನು ಆಗಲೇ ಕೊಂಡಾಗಿತ್ತು. ಎಸೆಯಲು ಮನಸ್ಸಾಗಲಿಲ್ಲ, ಕಾಸು ಕೊಟ್ಟದ್ದಲ್ಲವೇ. ಈಗ ಊಟಕ್ಕೆ ಮುಂಚೆ ಹೋಗಿ ಬಂದು, ಊಟವಾಗಿ ಎರಡು ತಾಸಿಗೆ ನೋಡುತ್ತೇನೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ದಿನ ಬಹುತೇಕ ನೀಲಿ. ಆದರೂ ಈಗ ಅದನ್ನು ನಂಬುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಕೈ ಚಾಚಿ ರಕ್ತ ಕೊಟ್ಟು ಬರುತ್ತೇನೆ. ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಇದನ್ನು ಕೊಳ್ಳುವವರು ಅದೇ ದುಡ್ಡಿಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಮೊನ್ನೆ ಬೀಗರು ಅಮೀನಗಡದ ಕರದಂಟು ತಂದಿದ್ದರು. ಮೂರು ತುಂಡು ತಿಂದೆ. ಎರಡು ತಾಸಿನ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಗ ಹೆಂಡತಿ ಹಿಂದಿನಿಂದ ಇಣುಕಿ, "ಇದು ಯಾವ ಸೀರೆಯ ಬಣ್ಣ?" ಎಂದು ಕೇಳಿದಳು. ಅಚ್ಚ ಗಿಳಿಹಸಿರು.