ಪ್ರತಿ ಸೋಮವಾರ 502: ಸರ್ವರ್ ಎಎಂಸಿ ಕೊಡುವವರೇ, ಸ್ವಲ್ಪ ಹುಷಾರು

ಸಣ್ಣ ವ್ಯಾಪಾರಕ್ಕೆ ಅಂತ ವೆಬ್‌ಸೈಟ್ ಇಟ್ಟುಕೊಂಡವರು, ಅದರ ಸರ್ವರ್ (ಸೈಟ್ ಓಡುವ ಕಂಪ್ಯೂಟರ್) ನೋಡಿಕೊಳ್ಳೋಕೆ ಯಾರಿಗಾದರೂ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಕರಾರು, ಕೊಟ್ಟವರು, ಕೊಡೋಣ ಅಂದುಕೊಂಡವರು ಇದನ್ನು ಓದಿ. ಕಂಪನಿ ಹೆಸರು ಕೇಳಬೇಡಿ, ಹಾಕಲ್ಲ. ವಕೀಲರ ನೋಟಿಸ್ ಕಳಿಸ್ತೀವಿ ಅಂತ ಆಗಲೇ ಹೆದರಿಸಿದ್ದಾರೆ. ಹೆಸರು ಗೊತ್ತಾದರೂ ಪ್ರಯೋಜನ ಇಲ್ಲ, ಇಂಥವರು ಊರಿಗೊಬ್ಬರು ಇದ್ದಾರೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮನೆಯಲ್ಲೇ ಮಾಡಿ ಮಾರುತ್ತೇವೆ. ಅರ್ಧಕ್ಕಿಂತ ಜಾಸ್ತಿ ಆರ್ಡರ್ ಬರುವುದು ಸೈಟ್‌ನಿಂದ. ಸೈಟ್ ಮಾಡಿಕೊಟ್ಟ ಹುಡುಗನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೋದ. ಜನವರಿಯಲ್ಲಿ ಈ ಕಂಪನಿಗೆ ವರ್ಷದ ಎಎಂಸಿ ಕೊಟ್ಟೆವು. ಕರಾರಿನಲ್ಲಿ ‘ವೀಕ್ಲಿ ಸರ್ವರ್ ಕ್ಲೀನಿಂಗ್’ ಅಂತ ಒಂದು ಸಾಲಿತ್ತು. ಆ ಸಾಲು ನೆನಪಿಟ್ಟುಕೊಳ್ಳಿ.

ಎಎಂಸಿ ಕೊಟ್ಟ ಮೇಲೆ ಶುರುವಾಯಿತು ನೋಡಿ. ಸೋಮವಾರ ಬೆಳಗ್ಗೆ ಸೈಟ್ ತೆರೆದರೆ ಬಿಳಿ ಹಾಳೆ. ಅದರ ಮೇಲೆ ‘502 ಬ್ಯಾಡ್ ಗೇಟ್‌ವೇ’, ಕೆಳಗೆ ಸಣ್ಣದಾಗಿ ‘ಎಂಜಿನ್‌ಎಕ್ಸ್’. ಸೈಟ್‌ಗೆ ಬಂದವರನ್ನು ಮೊದಲು ಎದುರುಗೊಳ್ಳುವ ಪ್ರೋಗ್ರಾಂ ಅದು ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿದರೆ ‘ನೋಡ್ತೀವಿ ಸರ್’ ಅಂತಾರೆ. ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತೆ. ಆಮೇಲೆ ಬಿಲ್ ಬರುತ್ತೆ. ‘ಎಮರ್ಜೆನ್ಸಿ ಸಪೋರ್ಟ್, 1,500 ರೂಪಾಯಿ.’ ಎಎಂಸಿ ಇದೆಯಲ್ಲ ಅಂದರೆ, ‘ಅದು ಪ್ರಿವೆಂಟಿವ್ ಸರ್, ಇದು ಬ್ರೇಕ್‌ಡೌನ್.’

ಮುಂದಿನ ಸೋಮವಾರ ಮತ್ತೆ 502. ಮತ್ತೆ ಬಿಲ್.

ಸೋಮವಾರವೇ ಯಾಕೆ ಅಂತ ನಾನು ಕೇಳಿದ್ದೆ. ಕೇಳಿದ್ದೆ ಅಂತ ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ವಾಟ್ಸಾಪ್‌ನಲ್ಲಿ ಈಗಲೂ ಇದೆ. ಅವರ ಉತ್ತರ ಹೀಗಿತ್ತು: ‘ಸೋಮವಾರ ಎಲ್ಲ ಆಫೀಸ್ ಓಪನ್ ಆಗುತ್ತೆ ಸರ್. ಟ್ರಾಫಿಕ್ ಸ್ಪೈಕ್. ನಿಮ್ಮ ರಿವರ್ಸ್ ಪ್ರಾಕ್ಸಿ ಲೇಯರ್ ಅಷ್ಟು ಲೋಡ್ ತಡೆಯಲ್ಲ.’

ಆಫೀಸಿಗೆ ಹೋದ ಕೂಡಲೇ ಜನ ಉಪ್ಪಿನಕಾಯಿ ಕೊಳ್ಳೋಕೆ ಮುಗಿಬೀಳ್ತಾರಂತೆ!

ಸರ್ವರ್ ದೊಡ್ಡದು ಮಾಡಿ ಅಂದರು. 1 ಜಿಬಿ ಮೆಮೊರಿಯ ಪ್ಲಾನ್ ಇದ್ದದ್ದು 4 ಜಿಬಿ ಆಯಿತು. ಅದಕ್ಕೆ ‘ಮೈಗ್ರೇಶನ್ ಚಾರ್ಜ್’ ಬೇರೆ. ಆ ಸೋಮವಾರ ಬೆಳಗ್ಗೆ ನೋಡಿದರೆ, 502. ಆಗ ರಾಗ ಬದಲಾಯಿತು. ‘ಸರ್, ಯಾರೋ ಕಾಂಪಿಟಿಟರ್ ಅಟ್ಯಾಕ್ ಮಾಡಿಸ್ತಿದ್ದಾರೆ. ಫೈರ್‌ವಾಲ್ ಪ್ಯಾಕೇಜ್ ತಗೊಳ್ಳಿ.’ ನಮ್ಮ ಕಾಂಪಿಟಿಟರ್ ಅಂದರೆ ಪಕ್ಕದ ಊರಿನ ಮಹಿಳಾ ಸಂಘ. ಅವರು ನಮ್ಮ ಎಂಜಿನ್‌ಎಕ್ಸ್ ಮೇಲೆ ಅಟ್ಯಾಕ್ ಮಾಡಿಸ್ತಾರಂತೆ.

ಇನ್ನು ಸರ್ಟಿಫಿಕೇಟ್ ಕಥೆ. ಸೈಟ್ ನಮ್ಮದೇ ಅಂತ ಬ್ರೌಸರ್‌ಗೆ ತೋರಿಸೋಕೆ, ಗಿರಾಕಿಗಳ ಮಾಹಿತಿ ಗುಟ್ಟಾಗಿ ಬರೋಕೆ ಬೇಕಾದದ್ದು ಅದು. ಜನವರಿಯಲ್ಲೇ ‘ಪ್ರೀಮಿಯಂ ಎಸ್‌ಎಸ್‌ಎಲ್, 1 ವರ್ಷ’ ಅಂತ 8,500 ರೂಪಾಯಿ ತಗೊಂಡಿದ್ದರು. ಮೂರು ವರ್ಷದ್ದು ಒಟ್ಟಿಗೆ ತಗೊಂಡರೆ ಡಿಸ್ಕೌಂಟ್ ಇದೆ ಅಂತಲೂ ಒತ್ತಾಯ ಮಾಡಿದ್ದರು, ಪುಣ್ಯಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಏಪ್ರಿಲ್‌ನಲ್ಲಿ, ಹೊಸ ಮಿಡಿ ಉಪ್ಪಿನಕಾಯಿಗೆ ಜನ ಕಾಯುವ ಹೊತ್ತಿಗೆ ಸರಿಯಾಗಿ, ಬೆಂಗಳೂರಿನಿಂದ ಹಳೇ ಗಿರಾಕಿ ಒಬ್ಬರು ಫೋನ್ ಮಾಡಿದರು. ‘ನಿಮ್ಮ ಸೈಟ್ ತೆರೆದ್ರೆ ಕಳ್ಳರು ಮಾಹಿತಿ ಕದಿಯಬಹುದು ಅಂತ ಕೆಂಪಗೆ ಬರ್ತಿದೆಯಲ್ರೀ, ಏನು ವಿಷಯ?’ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಕಂಪನಿಯವರ ಉತ್ತರ: ‘ಬ್ರೌಸರ್ ಪಾಲಿಸಿ ಚೇಂಜ್ ಆಗಿದೆ ಸರ್. ಅರ್ಜೆಂಟ್ ರಿನ್ಯೂವಲ್ ಚಾರ್ಜ್ ಬೀಳುತ್ತೆ.’

ಇಷ್ಟೊತ್ತಿಗೆ ಅಕ್ಕನ ಮಗಳು ರಜೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಇದೇ ಥರದ ಕೆಲಸ ಅವಳದ್ದು. ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ವಿವರ ತೆಗೆದಳು. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, ‘ಮಾವ, ಇದಕ್ಕೆ ಎಷ್ಟು ಕೊಟ್ಟಿದ್ದೀಯ?’ ಅಂದಳು.

ಹೇಳಿದೆ.

‘ಇದು ಫ್ರೀ ಮಾವ.’

ಕೊಟ್ಟವರು ಯಾರು ಅಂತ ಇರುವ ಜಾಗದಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಅಂತ ಬರೆದಿದೆ. ಅದು ಲಾಭಕ್ಕಲ್ಲದ ಸಂಸ್ಥೆ, 2015ರ ಕೊನೆಯಿಂದ ಎಲ್ಲರಿಗೂ ಪುಕ್ಕಟೆ ಸರ್ಟಿಫಿಕೇಟ್ ಕೊಡ್ತಾ ಇದೆಯಂತೆ. ಅದರ ಕೆಳಗೆ ಶುರುವಾದ ತಾರೀಕು, ಮುಗಿಯುವ ತಾರೀಕು. ನಡುವೆ 90 ದಿನ. ವರ್ಷ ಅಲ್ಲ. 90 ದಿನ! ಎಲ್ಲರಿಗೂ ಕಾಣುವ ಜಾಗದಲ್ಲಿ, ಬ್ರೌಸರ್‌ನಲ್ಲೇ ಬರೆದಿಟ್ಟಿದೆ. ಅದನ್ನು ನನಗೆ 8,500ಕ್ಕೆ ಮಾರಿದ್ದಾರೆ.

ಹಾಕಿಕೊಟ್ಟದ್ದಕ್ಕೆ ಕೂಲಿ ತಗೊಳ್ಳಲಿ, ಬೇಡ ಅನ್ನಲ್ಲ. ಅದನ್ನಾದರೂ ನೆಟ್ಟಗೆ ಹಾಕಿದ್ದಾರಾ? ಈ ಸರ್ಟಿಫಿಕೇಟ್ ತಾನಾಗೇ ರಿನ್ಯೂ ಆಗುವ ಹಾಗೆ ಮಾಡಿಡಬಹುದು. ಸರ್ಟ್‌ಬಾಟ್ ಅಂತ ಒಂದು ಪ್ರೋಗ್ರಾಂ ದಿನಕ್ಕೆ ಎರಡು ಸಲ ನೋಡಿಕೊಳ್ಳುತ್ತೆ. ಇವರು ಎಂಜಿನ್‌ಎಕ್ಸ್ ನಿಲ್ಲಿಸಿ, ‘ಸ್ಟ್ಯಾಂಡ್‌ಅಲೋನ್’ ಅನ್ನೋ ರೀತಿಯಲ್ಲಿ ಸರ್ಟಿಫಿಕೇಟ್ ತಗೊಂಡು, ಮತ್ತೆ ಎಂಜಿನ್‌ಎಕ್ಸ್ ಚಾಲೂ ಮಾಡಿ ಹೋಗಿದ್ದರು. ಆ ರೀತಿಯಲ್ಲಿ ರಿನ್ಯೂ ಮಾಡೋಕೆ ಸರ್ಟ್‌ಬಾಟ್‌ಗೆ 80ನೇ ಪೋರ್ಟ್ (ಸರ್ವರ್‌ನ ಒಂದು ಬಾಗಿಲು ಅನ್ನಿ) ಬೇಕು, ಅಲ್ಲಿ ಎಂಜಿನ್‌ಎಕ್ಸ್ ಕೂತಿದೆ. ಅದು ಪಾಪ ಪ್ರಯತ್ನ ಮಾಡಿದೆ, ಸೋತಿದೆ, ಸೋತೆ ಅಂತ ಲಾಗ್‌ನಲ್ಲಿ, ಅಂದರೆ ತನ್ನ ದಿನಚರಿಯಲ್ಲಿ, ಬರೆದಿಟ್ಟಿದೆ. ಓದೋರು ಯಾರು? ಮುಂಚೆ ಅವಧಿ ಮುಗಿಯುತ್ತೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಮೇಲ್ ಆದರೂ ಬರುತ್ತಿತ್ತಂತೆ, 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದ್ದಾರೆ.

ಆಮೇಲೆ 502ರ ವಿಷಯ ಹೇಳಿದೆ. ಸರ್ವರ್ ಪಾಸ್‌ವರ್ಡ್ ಕೊಟ್ಟೆ. ಅವಳು ಮೊದಲು ತೆರೆದದ್ದು ಎಂಜಿನ್‌ಎಕ್ಸ್‌ನ ಎರರ್ ಲಾಗ್. ಸೋಮವಾರ ಸೋಮವಾರ ಒಂದೇ ಮಾತು, ನೂರಾರು ಸಾಲು: ‘111: ಕನೆಕ್ಷನ್ ರೆಫ್ಯೂಸ್ಡ್.’ ಅವಳು ಹೇಳಿದ್ದನ್ನೇ ಹೇಳ್ತೀನಿ. ಎಂಜಿನ್‌ಎಕ್ಸ್ ಅಂದರೆ ಅಂಗಡಿ ಬಾಗಿಲಲ್ಲಿ ಕೂತವನು. ಗಿರಾಕಿ ಬಂದರು ಅಂತ ಒಳಗೆ ಕೂಗುತ್ತಾನೆ, ಒಳಗೆ ಜನವೇ ಇಲ್ಲ. ಲೋಡ್ ಜಾಸ್ತಿಯಾಗಿ ಒಳಗಿನವರು ಉತ್ತರ ಕೊಡೋಕೆ ತಡ ಮಾಡಿದ್ದರೆ ಸಾಮಾನ್ಯವಾಗಿ 504 ಅನ್ನೋ ಬೇರೆ ಎರರ್ ಬರಬೇಕು. ಇಲ್ಲಿ ಬಂದದ್ದು 502, ಅದೂ ‘ರೆಫ್ಯೂಸ್ಡ್’. ಅಂದರೆ ಒಳಗೆ ಇರಬೇಕಾದ ನಮ್ಮ ಸೈಟ್‌ನ ಪ್ರೋಗ್ರಾಂ (‘ನೋಡ್.ಜೆಎಸ್’ನದು) ಓಡ್ತಾನೇ ಇರಲಿಲ್ಲ. ಅವರು ಹೇಳಿದ ರಿವರ್ಸ್ ಪ್ರಾಕ್ಸಿ ಅಂದರೆ ಇದೇ ಎಂಜಿನ್‌ಎಕ್ಸ್, ಅದು ನೆಟ್ಟಗೇ ಇತ್ತು. ಸುಮ್ನೆ ಅದರ ಮೇಲೆ ಗೂಬೆ ಕೂರಿಸಿದ್ದರು.

ಯಾಕೆ ಓಡ್ತಿರಲಿಲ್ಲ? ‘ಕ್ರಾನ್‌ಟ್ಯಾಬ್’ ತೆರೆದಳು. ಇಂಥ ದಿನ ಇಂಥ ಹೊತ್ತಿಗೆ ಇದನ್ನು ಮಾಡು ಅಂತ ಸರ್ವರ್‌ಗೆ ಬರೆದಿಡುವ ಜಾಗ ಅದು. ಅಲ್ಲಿ ಇದ್ದದ್ದು ಒಂದೇ ಸಾಲು. ಪ್ರತಿ ಸೋಮವಾರ 3 ಗಂಟೆಗೆ ಸರ್ವರ್ ರೀಬೂಟ್ ಮಾಡು. ಇದೇ ಅವರ ವೀಕ್ಲಿ ಸರ್ವರ್ ಕ್ಲೀನಿಂಗ್! ರೀಬೂಟ್ ಆದ ಮೇಲೆ ನಮ್ಮ ಪ್ರೋಗ್ರಾಂ ತಾನಾಗೇ ಏಳುವ ವ್ಯವಸ್ಥೆ ಮಾಡಿಲ್ಲ. ಎಂಜಿನ್‌ಎಕ್ಸ್ ಎದ್ದು ಕೂತುಕೊಳ್ಳುತ್ತೆ, ಪ್ರೋಗ್ರಾಂ ಏಳಲ್ಲ. ಬಂತು 502.

ಇನ್ನೊಂದಿದೆ. ಸರ್ವರ್ ಗಡಿಯಾರ ಇದ್ದದ್ದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಅಲ್ಲಿ 3 ಗಂಟೆ ಅಂದರೆ ನಮಗೆ ಬೆಳಗ್ಗೆ 8:30. ನಡುರಾತ್ರಿ ಅಂದುಕೊಂಡು ಹಾಕಿದ ಕೆಲಸ ಹಾಡಹಗಲೇ ನಡೀತಿತ್ತು. ಸೋಮವಾರದ ಟ್ರಾಫಿಕ್ ಸ್ಪೈಕ್ ಇದು.

ನನಗೆ ಮೈ ಉರಿದದ್ದು ಅದಾದ ಮೇಲೆ. ‘ಹಿಸ್ಟರಿ’ ಅಂತ ಒಂದು ಕಮಾಂಡ್ ಇದೆ, ಸರ್ವರ್‌ನಲ್ಲಿ ಇವರು ಟೈಪ್ ಮಾಡಿದ್ದೆಲ್ಲ ಸಾಲಾಗಿ ತೋರಿಸುತ್ತೆ. ಅವರು ‘ಟೀಮ್ ಬೆಳಗ್ಗೆಯಿಂದ ಕೂತು ಡೀಬಗ್ ಮಾಡ್ತಿದೆ ಸರ್’ ಅಂದ ದಿನಗಳು ನೆನಪಿವೆಯಲ್ಲ? ಅಲ್ಲಿ ಇದ್ದದ್ದು ‘ಪಿಎಂ2 ಸ್ಟಾರ್ಟ್’ (ನಮ್ಮ ಪ್ರೋಗ್ರಾಂ ಚಾಲೂ ಮಾಡು), ‘ಎಕ್ಸಿಟ್’ (ಹೊರಡು). ‘ಪಿಎಂ2 ಸ್ಟಾರ್ಟ್’, ‘ಎಕ್ಸಿಟ್’. ‘ಪಿಎಂ2 ಸ್ಟಾರ್ಟ್’, ‘ಎಕ್ಸಿಟ್’. ಎರರ್ ಲಾಗ್ ತೆರೆದ ಗುರುತು ಒಂದು ಸಲವೂ ಇಲ್ಲ. ಒಂದು ಸಾಲಿಗೆ 1,500. ಅದಕ್ಕೆ ನಾನು ಪ್ರತಿ ಸಲ ‘ತುಂಬಾ ಥ್ಯಾಂಕ್ಸ್ ಸರ್’ ಅಂತ ಕೈಮುಗಿಯುವ ಚಿತ್ರ ಬೇರೆ ಕಳಿಸ್ತಿದ್ದೆ. ಅಕ್ಕನ ಮಗಳು ಅದನ್ನೂ ಓದಿದಳು. ನಗು ತಡೆದುಕೊಂಡದ್ದು ಗೊತ್ತಾಯಿತು.

ಬೇಕಂತಲೇ ಮಾಡಿದರೋ, ದಡ್ಡತನವೋ, ಆಣೆ ಮಾಡಿ ಹೇಳಲ್ಲ. ಆದರೆ ದುಡ್ಡು ಮಾತ್ರ ತಪ್ಪದೆ ತಗೊಂಡರು.

ಫೋನ್ ಮಾಡಿದೆ. ಮಾತು ಹೀಗೆ ನಡೀತು.

‘ರೀಬೂಟ್ ನಮ್ಮ ಸ್ಟ್ಯಾಂಡರ್ಡ್ ಪ್ರಾಕ್ಟೀಸ್ ಸರ್.’

ಆಮೇಲೆ ಪ್ರೋಗ್ರಾಂ ಎದ್ದಿದೆಯಾ ಅಂತ ನೋಡೋದು ಪ್ರಾಕ್ಟೀಸ್ ಅಲ್ವಾ?

‘ಅದು ಅಪ್ಲಿಕೇಶನ್ ಸೈಡ್ ಸರ್. ನಮ್ಮದು ಸರ್ವರ್ ಸೈಡ್.’

ಮತ್ತೆ ಟ್ರಾಫಿಕ್ ಸ್ಪೈಕ್ ಅಂದ್ರಲ್ಲ?

‘ಸರ್, ನೀವು ಟೆಕ್ನಿಕಲ್ ಅಲ್ಲ. ನಿಮಗೆ ಅರ್ಥ ಆಗಲ್ಲ.’

ಆ 8,500?

‘ಅದು ಸರ್ಟಿಫಿಕೇಟ್‌ಗೆ ಅಲ್ಲ ಸರ್, ಪ್ರೀಮಿಯಂ ಇನ್‌ಸ್ಟಲೇಶನ್‌ಗೆ.’

ಕೊನೆಗೆ ಮೇಲ್ ಬಂತು. ಹೊರಗಿನವರಿಗೆ ಪಾಸ್‌ವರ್ಡ್ ಕೊಟ್ಟದ್ದು ಕರಾರಿನ ಉಲ್ಲಂಘನೆ, ವಾರಂಟಿ ರದ್ದು. ಯಾವ ವಾರಂಟಿ ಸ್ವಾಮಿ?

ನನ್ನ ಮಾತು ಇಷ್ಟೇ. 502 ಬಂದಾಗ ಯಾರಾದರೂ ಲೋಡ್, ಅಟ್ಯಾಕ್ ಅಂತ ಶುರು ಮಾಡಿದರೆ, ಮೊದಲು ಆ ಹೊತ್ತಿನ ಎರರ್ ಲಾಗ್‌ನ ಸ್ಕ್ರೀನ್‌ಶಾಟ್ ಕಳಿಸಿ ಅನ್ನಿ. ಕಳಿಸದಿದ್ದರೆ ದುಡ್ಡು ಕೊಡಬೇಡಿ. ಸರ್ಟಿಫಿಕೇಟ್ ಹಾಕಿಸಿದ ದಿನವೇ ಬ್ರೌಸರ್‌ನಲ್ಲಿ ಕೊಟ್ಟವರ ಹೆಸರು, ಮುಗಿಯುವ ತಾರೀಕು ನೋಡಿ. ಮೂರು ವರ್ಷ ಬಾಳುವ ಸರ್ಟಿಫಿಕೇಟ್ ಈಗ ಬ್ರೌಸರ್‌ನಲ್ಲಿ ನಡೆಯುವುದೇ ಇಲ್ಲ. 2020ರಿಂದ ಹೆಚ್ಚೆಂದರೆ 398 ದಿನ ಇತ್ತು, 2026ರ ಮಾರ್ಚ್ 15ರಿಂದ 200 ದಿನಕ್ಕೆ ಇಳಿಸಿದ್ದಾರೆ, 2029ಕ್ಕೆ 47 ದಿನ ಆಗುತ್ತಂತೆ. ಸರ್ವರ್ ಖಾತೆ, ಡೊಮೇನ್ ಖಾತೆ ನಿಮ್ಮ ಹೆಸರಲ್ಲೇ ಇರಲಿ. ನಮ್ಮದು ಇತ್ತು, ಅದಕ್ಕೇ ಬಚಾವಾದೆವು. ‘ಕ್ಲೀನಿಂಗ್’ ಅಂದರೆ ಏನು ಮಾಡ್ತೀರಿ ಅಂತ ಬರೆಸಿಕೊಳ್ಳಿ.

ಅಕ್ಕನ ಮಗಳು ಆ ರೀಬೂಟ್ ಸಾಲು ಅಳಿಸಿದಳು. ಪ್ರೋಗ್ರಾಂ ತಾನಾಗೇ ಏಳುವ ಹಾಗೆ ‘ಪಿಎಂ2 ಸ್ಟಾರ್ಟ್‌ಅಪ್’, ‘ಪಿಎಂ2 ಸೇವ್’ ಹಾಕಿದಳು. ಸರ್ಟ್‌ಬಾಟ್ ಎಂಜಿನ್‌ಎಕ್ಸ್ ಜೊತೆಗೇ ಕೆಲಸ ಮಾಡುವಂತೆ ಮಾಡಿದಳು. ನಾನು ಮಾಡಿಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು. 4 ಜಿಬಿ ಪ್ಲಾನ್ ಮಾತ್ರ ಹಾಗೇ ಇದೆ. ಆಗ ಡಿಸ್ಕ್ ಕೂಡ ದೊಡ್ಡದು ಮಾಡಿಬಿಟ್ಟಿದ್ದಾರೆ, ಅದನ್ನು ಮತ್ತೆ ಚಿಕ್ಕದು ಮಾಡೋಕೆ ಬರಲ್ಲ. ಹೊಸ ಸರ್ವರ್ ತಗೊಂಡು ಎಲ್ಲ ಅಲ್ಲಿಗೆ ಸಾಗಿಸಬೇಕು. ಅವಳಿಗೆ ದೀಪಾವಳಿಗೆ ರಜೆ ಸಿಗಬಹುದು. ಅಲ್ಲಿವರೆಗೆ ತಿಂಗಳು ತಿಂಗಳು ಆ ಬಿಲ್ ಕಟ್ಟಬೇಕು.