ಎರಡು ಆರ್‌ಟಿಎಕ್ಸ್ 3060 ಸೇರಿದರೆ ಒಂದು 3090 ಆಗುತ್ತದೆಯೇ? ದೀರ್ಘ ಬಳಕೆಯ ಲೆಕ್ಕ

ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿ ಮೆಮೊರಿ, ಎರಡು ಸೇರಿದರೆ 24 ಜಿಬಿ. ಆರ್‌ಟಿಎಕ್ಸ್ 3090ಯಲ್ಲಿ ಇರುವುದೂ 24 ಜಿಬಿ. ಬಿಡುಗಡೆಯಾದಾಗ 3060ಯ ಬೆಲೆ 329 ಡಾಲರ್, 3090ಯದು 1,499. ಇಷ್ಟು ನೋಡಿದವರು ಎರಡು ಚಿಕ್ಕ ಕಾರ್ಡಿನ ಕಡೆಗೇ ವಾಲುತ್ತಾರೆ. ಆದರೆ ಅವು ಯಾವತ್ತೂ ಪೂರ್ತಿಯಾಗಿ ಕೂಡುವುದಿಲ್ಲ. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ವೇಗ ಕೂಡುತ್ತದೆ, ಮೆಮೊರಿ ಕೂಡುವುದಿಲ್ಲ. ಮನೆಯಲ್ಲೇ ಭಾಷಾ ಮಾಡೆಲ್ ಓಡಿಸುವಾಗ ಮೆಮೊರಿ ಕೂಡುತ್ತದೆ, ವೇಗ ಕೂಡುವುದಿಲ್ಲ. ಗೇಮ್‌ನಲ್ಲಿ ಎರಡೂ ಇಲ್ಲ.

ಗೇಮ್ ವಿಷಯ ಬೇಗ ಮುಗಿಸೋಣ. 3060ಯಲ್ಲಿ ಎಸ್‌ಎಲ್‌ಐ (ಎರಡು ಕಾರ್ಡನ್ನು ಒಂದೇ ಗೇಮ್‌ಗೆ ದುಡಿಸುವ ಎನ್‌ವಿಡಿಯಾ ವ್ಯವಸ್ಥೆ) ಇಲ್ಲ, ಬ್ರಿಡ್ಜ್ ಸಿಕ್ಕಿಸುವ ಜಾಗವೂ ಇಲ್ಲ. ಎನ್‌ವಿಡಿಯಾ ಹಳೆಯ ಕಾರ್ಡ್‌ಗಳಿಗೂ 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಕೊಡುವುದನ್ನು ನಿಲ್ಲಿಸಿತು. ಈ ಫ್ರೇಮ್ ಒಂದು ಕಾರ್ಡಿಗೆ, ಮುಂದಿನದು ಇನ್ನೊಂದಕ್ಕೆ ಎಂದು ಹಂಚುವ ಪದ್ಧತಿ ಅದು. ಚಿತ್ರದ ಅಂಚು ನಯಗೊಳಿಸುವ ಈಗಿನ ಆಂಟಿ ಅಲಿಯಾಸಿಂಗ್‌ಗೆ ಹಿಂದಿನ ಫ್ರೇಮ್‌ನ ಮಾಹಿತಿ ಬೇಕಾಗುವುದರಿಂದ ಆ ಹಂಚಿಕೆ ಕೈಕೊಡುತ್ತದೆ. ಆಟಕ್ಕಾಗಿಯೇ ಕೊಳ್ಳುವವರು ಎರಡನೇ ಕಾರ್ಡಿನ ಯೋಚನೆಯನ್ನೇ ಬಿಡಬೇಕು.

ಭಾಷಾ ಮಾಡೆಲ್‌ಗಳಲ್ಲಿ ಕಥೆ ಬೇರೆ. ಲಾಮಾ ಸಿಪಿಪಿಯಂಥ ಸಾಫ್ಟ್‌ವೇರ್ ಮಾಡೆಲ್‌ನ ಅರ್ಧ ಲೇಯರ್‌ಗಳನ್ನು (ಪದರಗಳನ್ನು) ಒಂದು ಕಾರ್ಡಿಗೆ, ಉಳಿದರ್ಧವನ್ನು ಇನ್ನೊಂದಕ್ಕೆ ಹಾಕುತ್ತದೆ. ಒಂದೊಂದು ಟೋಕನ್ (ಉತ್ತರದ ಪದ ಅಥವಾ ಪದದ ಚೂರು) ಹುಟ್ಟಬೇಕಾದರೂ ಇಡೀ ಮಾಡೆಲ್ ಅನ್ನು ಮೆಮೊರಿಯಿಂದ ಒಮ್ಮೆ ಓದಬೇಕು. ಮೊದಲ ಕಾರ್ಡ್ ತನ್ನ ಪಾಲು ಮುಗಿಸುವವರೆಗೆ ಎರಡನೆಯದು ಕಾಯುತ್ತದೆ, ಆಮೇಲೆ ಅದರ ಸರದಿ, ಮೊದಲನೆಯದಕ್ಕೆ ಬಿಡುವು. ಹೀಗಾಗಿ ಮೆಮೊರಿ ವೇಗ ಒಂದೇ ಕಾರ್ಡಿನದು: ಸೆಕೆಂಡಿಗೆ 360 ಜಿಬಿ. 3090ಯದು 936 ಜಿಬಿ. ಕ್ವೆನ್ 2.5ರ 32 ಬಿಲಿಯನ್ ಪ್ಯಾರಾಮೀಟರ್‌ಗಳ ಮಾಡೆಲ್‌ನಲ್ಲಿ ಪ್ರತಿ ಸಂಖ್ಯೆಯನ್ನು ಸುಮಾರು 4 ಬಿಟ್‌ಗೆ ಇಳಿಸಿದಾಗ ಸುಮಾರು 20 ಜಿಬಿ ಬರುತ್ತದೆ. ಮೆಮೊರಿ ವೇಗವನ್ನು ಇದರಿಂದ ಭಾಗಿಸಿದರೆ ಜೋಡಿ 3060ಗೆ ಸೆಕೆಂಡಿಗೆ 18 ಟೋಕನ್, 3090ಗೆ ಸುಮಾರು 47. ಇದು ಮೇಲ್ಮಿತಿ. ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ. ಕನ್ನಡದಲ್ಲಿ ಉತ್ತರ ಬೇಕೆಂದರೆ ಇನ್ನೂ ನಿಧಾನ ಅನ್ನಿಸುತ್ತದೆ, ಏಕೆಂದರೆ ಹೆಚ್ಚಿನ ಮಾಡೆಲ್‌ಗಳು ಕನ್ನಡದ ಒಂದು ಪದವನ್ನು ಹಲವು ಟೋಕನ್‌ಗಳಾಗಿ ಒಡೆಯುತ್ತವೆ.

14 ಬಿಲಿಯನ್‌ನ ಮಾಡೆಲ್ 4 ಬಿಟ್‌ನಲ್ಲಿ 9 ಜಿಬಿ ಆಸುಪಾಸು. ಅದು ಒಂದೇ 3060ಯಲ್ಲಿ ಕೂರುತ್ತದೆ. ಅದಕ್ಕಾಗಿ ಎರಡನೇ ಕಾರ್ಡ್ ಹಾಕಿದರೆ ವೇಗ ಒಂದಿಷ್ಟೂ ಏರುವುದಿಲ್ಲ.

ಜಾಗದ ಲೆಕ್ಕದಲ್ಲೂ ಎಚ್ಚರ ಬೇಕು. ಅದೇ ಕ್ವೆನ್‌ಗೆ 8,192 ಟೋಕನ್‌ಗಳ ಸಂದರ್ಭ (ಮಾಡೆಲ್ ಒಮ್ಮೆಗೆ ಗಮನದಲ್ಲಿಡುವ ಮಾತು) ಇಟ್ಟರೆ ಅದನ್ನು ನೆನಪಿಡುವ ಕೆವಿ ಕ್ಯಾಶ್ 2 ಜಿಬಿ ತಿನ್ನುತ್ತದೆ. ಅಲ್ಲಿಗೆ ಪ್ರತಿ ಕಾರ್ಡಿನಲ್ಲಿ 11 ಜಿಬಿ ಹೋಯಿತು. ಉಳಿದ 1 ಜಿಬಿಯಲ್ಲೇ ಲೆಕ್ಕಾಚಾರದ ಬಫರ್, ಮಾನಿಟರ್ ಇರುವ ಕಾರ್ಡಿನಲ್ಲಿ ಡೆಸ್ಕ್‌ಟಾಪ್‌ನ ಪಾಲು ಕೂಡ. ಸಮಪಾಲು ಮಾಡಿದರೆ ತುಂಬಿ ಹರಿಯುವುದು ಮಾನಿಟರ್ ಇರುವ ಕಾರ್ಡೇ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಅನ್ನು ಮದರ್‌ಬೋರ್ಡಿಗೇ ಚುಚ್ಚಿ. ಇಲ್ಲದಿದ್ದರೆ ಯಾವ ಕಾರ್ಡಿಗೆ ಎಷ್ಟು ಪಾಲು ಎಂದು ಹೇಳುವ ಟೆನ್ಸರ್ ಸ್ಪ್ಲಿಟ್ ಸೆಟ್ಟಿಂಗ್ ಅನ್ನು 15ಕ್ಕೆ 17ರಂತೆ ಬದಲಿಸಿ ಆ ಕಾರ್ಡಿನ ಹೊರೆ ಇಳಿಸಿ. ವಿಂಡೋಸ್‌ನಲ್ಲಿ ಇನ್ನೊಂದು ಬಲೆ ಇದೆ: ಮೆಮೊರಿ ತುಂಬಿದರೆ ಡ್ರೈವರ್ ತಪ್ಪು ತೋರಿಸದೆ ರ‍್ಯಾಮ್‌ಗೆ ಚೆಲ್ಲುತ್ತದೆ, ವೇಗ ನೆಲಕಚ್ಚುತ್ತದೆ, ಕಾರಣ ಹೊಳೆಯುವುದಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೀಗೆ ಚೆಲ್ಲಲು ಬಿಡುವ ‘CUDA - Sysmem Fallback Policy’ ಆಯ್ಕೆಯನ್ನು ನಿಲ್ಲಿಸಿಡುವುದು ಒಳ್ಳೆಯದು. ಆಗ ಕನಿಷ್ಠ ತಪ್ಪು ಕಣ್ಣಿಗೆ ಬೀಳುತ್ತದೆ.

ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಸಿಸ್ಟಂ ಸೆಟ್ಟಿಂಗ್‌ಗೆ ಹೋಗಿ ಆಪ್ಟಿಕ್ಸ್ ಅಡಿಯಲ್ಲಿ ಎರಡೂ ಕಾರ್ಡಿಗೆ ಟಿಕ್ ಹಾಕಿದರೆ ಸಾಕು. ಆದರೆ ದೃಶ್ಯ ಎರಡರಲ್ಲೂ ಪೂರ್ತಿಯಾಗಿ ತುಂಬಬೇಕು, ಹಾಗಾಗಿ ಮಿತಿ 12 ಜಿಬಿಯೇ. ಫ್ರೇಮ್ ಬೇಗ ಮುಗಿಯುವಂಥದಾದಷ್ಟೂ ಲಾಭ ಕಡಿಮೆ, ಏಕೆಂದರೆ ದೃಶ್ಯ ಸಿದ್ಧಪಡಿಸುವ ಹೊತ್ತು ಕಾರ್ಡ್ ಹೆಚ್ಚಿದ್ದರೂ ಇಳಿಯುವುದಿಲ್ಲ. ಆನಿಮೇಷನ್‌ಗೆ ಉತ್ತಮ ಉಪಾಯ: ಬ್ಲೆಂಡರ್ ಅನ್ನು ಎರಡು ಸಲ ತೆರೆದು, ಒಂದೊಂದಕ್ಕೆ ಒಂದೊಂದು ಕಾರ್ಡ್ ಕೊಟ್ಟು, ಪ್ಲೇಸ್‌ಹೋಲ್ಡರ್ಸ್ ಆನ್, ಓವರ್‌ರೈಟ್ ಆಫ್ ಮಾಡಿ ಒಂದೇ ಫೋಲ್ಡರಿಗೆ ಬಿಡುವುದು. ಆಗ ಎರಡೂ ಬೇರೆ ಬೇರೆ ಫ್ರೇಮ್ ಎತ್ತಿಕೊಳ್ಳುತ್ತವೆ.

ಮದರ್‌ಬೋರ್ಡ್ ನೋಡದೆ ಎರಡನೇ ಕಾರ್ಡ್ ತರಬೇಡಿ. ಎಎಮ್‌ಡಿ ಪ್ರೊಸೆಸರ್‌ಗಳ ಬಿ550 ಬೋರ್ಡ್‌ಗಳಲ್ಲಿ ಎರಡನೇ ಉದ್ದ ಸ್ಲಾಟ್‌ಗೆ ಸಿಗುವುದು ಸಾಮಾನ್ಯವಾಗಿ ಚಿಪ್‌ಸೆಟ್‌ನಿಂದ ಬರುವ ಪಿಸಿಐಇ 3.0ರ ನಾಲ್ಕು ಲೇನ್ (ಕಾರ್ಡಿಗೆ ಮಾಹಿತಿ ಹರಿಯುವ ದಾರಿ), ಬಿ450ಯಲ್ಲಿ 2.0. ಲೇಯರ್ ಹಂಚುವ ಕೆಲಸಕ್ಕೆ ಇದು ಸಾಕು, ಮಾಡೆಲ್ ತುಂಬಿಕೊಳ್ಳುವುದು ಮಾತ್ರ ತಡ. ಲೇಯರ್ ಒಳಗನ್ನೇ ಸೀಳಿ ಎರಡೂ ಕಾರ್ಡನ್ನು ಒಟ್ಟಿಗೆ ದುಡಿಸುವ ವಿಧಾನಕ್ಕೆ ಇಷ್ಟು ಇಕ್ಕಟ್ಟಾದ ದಾರಿ ಅಡ್ಡಿಯಾಗಬಹುದು. ಕೆಲವು ಬೋರ್ಡಿನಲ್ಲಿ ಎರಡನೇ ಎಂ.2 ಡ್ರೈವ್ ಹಾಕಿದರೆ ಆ ಸ್ಲಾಟ್ ಸತ್ತುಹೋಗುತ್ತದೆ. ಮ್ಯಾನ್ಯುಯಲ್ ಓದಿ. ಕಾರ್ಡ್‌ಗಳ ನಡುವೆ ಒಂದು ಸ್ಲಾಟ್‌ನಷ್ಟಾದರೂ ಖಾಲಿ ಇರಬೇಕು. ಚಿಕ್ಕದಾದ ಮೈಕ್ರೋ ಎಟಿಎಕ್ಸ್ ಬೋರ್ಡಿನಲ್ಲಿ ಎರಡೂ ಅಂಟಿಕೊಂಡು ಕೂತು, ಮೇಲಿನದು ಕೆಳಗಿನದರ ಬಿಸಿಗಾಳಿಯನ್ನೇ ಉಸಿರಾಡುತ್ತದೆ.

ಕರೆಂಟ್‌ನಲ್ಲಿ ಉಳಿತಾಯವಿಲ್ಲ: 170ರಂತೆ ಎರಡಕ್ಕೆ 340 ವ್ಯಾಟ್, 3090ಗೆ 350. ಎರಡು ದಾರಿಗೂ 750 ವ್ಯಾಟ್‌ನ ಒಳ್ಳೆಯ ಪವರ್ ಸಪ್ಲೈ ಬೇಕು, ಪ್ರತಿ ಕಾರ್ಡಿಗೂ ಪ್ರತ್ಯೇಕ ಕೇಬಲ್ ಎಳೆಯಬೇಕು. ಕೊಳ್ಳುವಾಗ 3060ಯ 8 ಜಿಬಿ ಆವೃತ್ತಿಗೆ ಮೋಸಹೋಗಬೇಡಿ. ಅದರ ಮೆಮೊರಿ ಬಸ್ 128 ಬಿಟ್, ಮೆಮೊರಿ ವೇಗ ಸೆಕೆಂಡಿಗೆ 240 ಜಿಬಿ ಮಾತ್ರ. ಹೆಸರು ಮಾತ್ರ ಅದೇ.

ಈಗಾಗಲೇ 12 ಜಿಬಿಯ 3060 ಇದ್ದು, 20 ಜಿಬಿಯ ಮಾಡೆಲ್ ನಿಧಾನವಾಗಿಯಾದರೂ ಓಡಿದರೆ ಸಾಕು ಎನ್ನುವವರಿಗೆ ಎರಡನೆಯದು ಸರಿಯಾದ ಖರೀದಿ. ಸೊನ್ನೆಯಿಂದ ಶುರು ಮಾಡುವವರು ಬಳಸಿದ 3090 ಹುಡುಕಲಿ, ಆದರೆ ಪರೀಕ್ಷಿಸದೆ ದುಡ್ಡು ಕೊಡಬಾರದು. ಅದರ ಮೆಮೊರಿ ಚಿಪ್‌ಗಳಲ್ಲಿ ಅರ್ಧ ಕಾರ್ಡಿನ ಬೆನ್ನಿಗಿವೆ, ತಂಪಾಗುವುದು ಕಷ್ಟ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೇ ಆಗಲಿ, ಮಾರುವವರ ಮನೆಯಲ್ಲೇ ಆಗಲಿ, ವಿಂಡೋಸ್‌ನಲ್ಲಿ ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದು ಅರ್ಧ ಗಂಟೆ ಪೂರ್ತಿ ಹೊರೆ ಹಾಕಿ ಮೆಮೊರಿ ಜಂಕ್ಷನ್ ತಾಪ ನೋಡಿ. 105 ಡಿಗ್ರಿ ದಾಟಿ 110ರತ್ತ ಹೊರಟರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪ್ಯಾಡ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬದಲಿಸುವಾಗ ದಪ್ಪ ಕಂಪನಿ ಹಾಕಿದ್ದಷ್ಟೇ ಇರಲಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಎತ್ತಿಕೊಂಡು ಮುಖ್ಯ ಚಿಪ್‌ಗೆ ಸರಿಯಾಗಿ ತಾಗದೆ ಹೋಗಬಹುದು.