ಬುಲೆಟ್ 16: ಬಂಡೆ ಹತ್ತುವವರ ಬೆನ್ನಿಗೆ ಸಾಕೇ?

ಬ್ಲ್ಯಾಕ್ ಡೈಮಂಡ್ ಕಂಪನಿಯ ಬುಲೆಟ್ 16 ಲೀಟರಿನ ಪುಟ್ಟ ಚೀಲ. ಸಾವನದುರ್ಗದಂಥ ಉದ್ದನೆಯ ಮಲ್ಟಿ-ಪಿಚ್ (ಹಗ್ಗದ ಉದ್ದಕ್ಕೆ ತಕ್ಕಂತೆ ಹಲವು ಹಂತಗಳಲ್ಲಿ ಹತ್ತುವ) ಏರಿಕೆಗೆ ಇಬ್ಬರಿಗೊಂದು ಚೀಲ ಸಾಕು. ಅದನ್ನು ಹೊರಬೇಕಾದವರು ಹಿಂದೆ ಬರುವವರು. ಮುಂದೆ ಹತ್ತುವವರ ಬೆನ್ನು ಖಾಲಿಯಿರಲಿ.

3 ಲೀಟರ್ ನೀರು ತುಂಬಿದರೆ 3 ಕೆಜಿ ಅಲ್ಲೇ ಆಯಿತು. ಬಾಟಲಿಗಳು ಬೆನ್ನಿಗೆ ಒತ್ತಿಕೊಂಡಿರಬೇಕು, ಹೊರಮಗ್ಗುಲಿಗೆ ಬಂದರೆ ಭಾರ ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಬೇಕಾಗುವ ಶೂ ತಳಕ್ಕೆ, ಹೆಡ್‌ಲ್ಯಾಂಪ್ ಮೇಲಕ್ಕೆ. ಶೂಗಳನ್ನು ಹಾರ್ನೆಸ್ಸಿಗೆ (ಹಗ್ಗ ಕಟ್ಟಿಕೊಳ್ಳಲು ಸೊಂಟ-ತೊಡೆಗೆ ಹಾಕುವ ಪಟ್ಟಿ) ನೇತುಹಾಕುವ ಚಾಳಿ ಬೇಡ, ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತವೆ.

ಚೀಲದ ಸೊಂಟದ ಪಟ್ಟಿ ಕಟ್ಟಿದರೆ ಹಾರ್ನೆಸ್ಸಿನಲ್ಲಿ ಸಲಕರಣೆ ನೇತುಹಾಕುವ ಗೇರ್ ಲೂಪ್‌ಗಳು ಮುಚ್ಚಿಹೋಗುತ್ತವೆ, ಕ್ವಿಕ್‌ಡ್ರಾಗೆ (ಹಗ್ಗವನ್ನು ಬಂಡೆಯ ಕೊಂಡಿಗೆ ಸೇರಿಸುವ ಜೋಡಿ ಕೊಕ್ಕೆ) ತಡಕಾಡಬೇಕು. ಅದನ್ನು ಒಳಗೆ ಮಡಚಿಡುವುದೇ ಸರಿ. ಚೀಲ ಗಿಡ್ಡವಾದ್ದರಿಂದ ತಲೆ ಎತ್ತಿದಾಗ ಹೆಲ್ಮೆಟ್ಟಿಗೆ ತಾಗುವುದು ಕಡಿಮೆ. ಆದರೆ ಮೇಲ್ಭಾಗ ಉಬ್ಬುವಷ್ಟು ಜಾಕೆಟ್ ತುರುಕಿದರೆ ಆ ಲಾಭವೂ ಹೋಯಿತು!

ಚಿಮಣಿಯಂಥ (ಮೈ ತೂರಿಸಿ ಹತ್ತುವ ಬಂಡೆಯ ಸೀಳು) ಇಕ್ಕಟ್ಟಿನಲ್ಲಿ ಬೆನ್ನಿನ ಮೇಲೆ ಯಾವ ಚೀಲವೂ ನಡೆಯದು. ಅದನ್ನು 120 ಸೆಂ.ಮೀ. ಸ್ಲಿಂಗ್‌ನಿಂದ (ಗಟ್ಟಿ ಪಟ್ಟಿಯ ಕುಣಿಕೆ) ಹಾರ್ನೆಸ್ಸಿನ ಮುಂದಿರುವ ಬಿಲೇ ಲೂಪಿಗೆ ಕಟ್ಟಿ ಕಾಲ ಕೆಳಗೆ ಇಳಿಬಿಡಿ. ಓರೆ ಬಂಡೆಯಲ್ಲಿ ಹಗ್ಗದಿಂದ ಎಳೆಯಲು ಹೋದರೆ ಬಟ್ಟೆ ಉಜ್ಜಿ ಹರಿಯುತ್ತದೆ. ಸಂಗಾತಿಯ ಹಗ್ಗ ಹಿಡಿಯಲು ನಿಲ್ಲುವ ಬಿಲೇ ಜಾಗದಲ್ಲಿ ಮೊದಲು ಚೀಲವನ್ನು ಆ್ಯಂಕರಿಗೆ (ಬಂಡೆಗೆ ಭದ್ರವಾಗಿ ಕಟ್ಟಿದ ಆಸರೆ) ಸಿಕ್ಕಿಸಿ, ಆಮೇಲೆ ಜಿಪ್ ತೆಗೆಯಿರಿ.